ಒಂದು ಲಾಟಿನ ಬೆನ್ನು ಹತ್ತಿ: ದೊಡ್ಡ ಸಾಫ್ಟ್‌ವೇರನ್ನು ಚಿತ್ರ ಬರೆದು ತಿಳಿಯುವ ಬಗೆ

ಹುಬ್ಬಳ್ಳಿ ವಿದ್ಯಾನಗರದ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಇರುವುದು ಎಂಟೇ ಜನ. ಎಪಿಎಂಸಿಯ ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿ ಕೊಡುತ್ತೇವೆ. ರೈತರ ಮಾಲು ಬಂದರೆ ಆವಕ ಬರೆಯಬೇಕು, ಒಂದೊಂದು ರಾಶಿಗೂ ಲಾಟ್ ನಂಬರ್ ಕೊಡಬೇಕು, ಟೆಂಡರ್ ದರ ಹಾಕಬೇಕು, ತೂಕ ಬರೆಯಬೇಕು, ರೈತನ ಕೈಗೆ ಪಟ್ಟಿ, ಅಂದರೆ ಮಾಲಿನ ದುಡ್ಡಿನ ಲೆಕ್ಕದ ಬಿಲ್ಲು, ಕೊಡಬೇಕು, ಕೊನೆಗೆ ಖಾತೆಗೆ ಏರಿಸಬೇಕು. ಹೇಳುವಾಗ ಇಷ್ಟೇ. ಒಳಗೆ ಸುಮಾರು 1,100 ಫೈಲುಗಳಿವೆ. 15 ವರ್ಷದಲ್ಲಿ ಎಷ್ಟೋ ಜನ ಕೈಯಾಡಿಸಿದ ಕೋಡ್. ಅವರಲ್ಲಿ ಈಗ ನಮ್ಮ ಜೊತೆ ಇರುವವರು ಒಬ್ಬರೇ. ದಿನಾ ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುತ್ತಾರೆ. ನಾವೆಲ್ಲ ಅವರನ್ನು ಕಾಕಾ ಅಂತಲೇ ಕರೆಯುವುದು.

ಎರಡು ವರ್ಷದ ಹಿಂದೆ, ಫೆಬ್ರವರಿಯ ಒಂದು ಸೋಮವಾರ ಸಂಜೆ, ಬ್ಯಾಡಗಿಯ ಒಂದು ಅಂಗಡಿಯಿಂದ ಫೋನ್ ಬಂತು. ಮೆಣಸಿನಕಾಯಿ ಸೀಸನ್ ಜೋರಿತ್ತು. ಪಟ್ಟಿಯ ಬಟನ್ ಒತ್ತಿದರೆ ಮುಕ್ಕಾಲು ನಿಮಿಷ ಸ್ಕ್ರೀನ್ ಅಲ್ಲಾಡುವುದಿಲ್ಲ. ಬಳ್ಳಾರಿ, ರಾಯಚೂರು ಕಡೆಯಿಂದ ಬಂದ ರೈತರು ಸಾಲಿನಲ್ಲಿ ನಿಂತಿದ್ದಾರೆ. ರಾತ್ರಿ ಗಾಡಿ ಹಿಡಿದು ಊರು ಸೇರಬೇಕು. ಪಟ್ಟಿ ಇಲ್ಲದೆ ದುಡ್ಡಿಲ್ಲ. ಆ ಫೋನಿನಲ್ಲಿ ಹಿಂದಿನಿಂದ ಕೇಳುತ್ತಿದ್ದ ಗದ್ದಲ ನನಗೆ ಇನ್ನೂ ನೆನಪಿದೆ.

ಅವತ್ತು ರಾತ್ರಿ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಇಡೀ ಕೋಡನ್ನು ಒಂದು ಟೂಲಿಗೆ ಕೊಟ್ಟು ಚಿತ್ರ ತೆಗೆಸಿದೆ. ಪ್ರತಿ ಫೈಲಿಗೆ ಒಂದು ಚೌಕ, ಒಂದು ಫೈಲ್ ಇನ್ನೊಂದನ್ನು ಕರೆದರೆ ಒಂದು ಬಾಣ. ಸಾವಿರ ಚೌಕ, ಅದರ ಮೇಲೆ ಬಾಣಗಳ ಜಡೆ. ಝೂಮ್ ಮಾಡಿದರೆ ಬರೀ ಗೆರೆ, ದೂರ ಸರಿಸಿದರೆ ಕಪ್ಪು ಮಚ್ಚೆ. ನೋಡಿದವರು ಯಾರಿಗೂ ಏನೂ ತಿಳಿಯಲಿಲ್ಲ. ಯಾಕೆಂದರೆ ನಾನು ಆ ಚಿತ್ರಕ್ಕೆ ಏನನ್ನೂ ಕೇಳಿರಲಿಲ್ಲ.

ಅದಾದ ಮೇಲೆ ನಿಧಾನಕ್ಕೆ ಒಂದು ಪದ್ಧತಿ ಕೈಗೆ ಹತ್ತಿತು. ಹಳೆಯ, ದೊಡ್ಡ ಸಾಫ್ಟ್‌ವೇರ್ ಒಂದು ನಿಮ್ಮ ಟೇಬಲ್ಲಿಗೂ ಬಂದು ಕೂತಿದ್ದರೆ ನಾನು ಮಾಡುವುದನ್ನು ಇಲ್ಲಿ ಇದ್ದ ಹಾಗೆ ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ ಬರೆಯಿರಿ

ಹಾಳೆಯ ಮೇಲ್ಗಡೆ ಒಂದೇ ಸಾಲಿನಲ್ಲಿ ಪ್ರಶ್ನೆ ಬರೆಯಿರಿ. "ನಮ್ಮ ಸಿಸ್ಟಮ್ ಹೇಗಿದೆ" ಅನ್ನುವುದು ಪ್ರಶ್ನೆ ಅಲ್ಲ. "ಹನ್ನೆರಡು ಲಾಟಿನ ಪಟ್ಟಿಗೆ ಯಾಕೆ ಇಷ್ಟು ಹೊತ್ತು ಬೇಕು" ಅನ್ನುವುದು ಪ್ರಶ್ನೆ. "ತೂಕದ ಕೋಡ್ ಬದಲಿಸಿದರೆ ಎಲ್ಲೆಲ್ಲಿ ಪೆಟ್ಟು ಬೀಳುತ್ತೆ" ಅನ್ನುವುದೂ ಪ್ರಶ್ನೆಯೇ. ಇವೆರಡಕ್ಕೂ ಬೇರೆ ಬೇರೆ ಚಿತ್ರ ಬೇಕು. ಮೊದಲನೆಯದಕ್ಕೆ ಸಮಯದ ಚಿತ್ರ, ಎರಡನೆಯದಕ್ಕೆ ಸಂಬಂಧದ ಚಿತ್ರ. ಎರಡನ್ನೂ ಒಂದೇ ಹಾಳೆಯಲ್ಲಿ ತುಂಬಲು ಹೋದರೆ ಎರಡೂ ಕೆಡುತ್ತವೆ. ಉತ್ತರಕ್ಕೆ ಬೇಡದ ಚೌಕ ಎಷ್ಟೇ ಮುಖ್ಯದ್ದಾದರೂ ಬಿಟ್ಟುಬಿಡಿ.

ಆಮೇಲೆ ಗೊತ್ತಿದ್ದವರ ಕೈಗೆ ಪೆನ್ನು ಕೊಡಿ

ಟೂಲ್ ಇನ್ನೂ ಬೇಡ. ಈ ಕೋಡನ್ನು ಬಲ್ಲವರು ಯಾರಾದರೂ ಇದ್ದರೆ ಅವರನ್ನು ಕೂರಿಸಿ, ನೆನಪಿನಿಂದ ಬರೆಯಲು ಹೇಳಿ. ಕೋಡ್ ತೆರೆಯಲು ಬಿಡಬೇಡಿ. ನಮಗೆ ಬೇಕಾದದ್ದು ಅವರ ತಲೆಯಲ್ಲಿರುವ ಚಿತ್ರ.

ನಾನು ಕಾಕಾರ ಮುಂದೆ ಎ3 ಹಾಳೆ ಇಟ್ಟೆ. ಏಳು ಚೌಕ ಬರೆದರು: ಆವಕ, ಲಾಟ್, ಟೆಂಡರ್, ತೂಕ, ಪಟ್ಟಿ, ಖಾತೆ, ರೈತನ ಫೋನಿಗೆ ಹೋಗುವ ಮೆಸೇಜ್. ನಡುವೆ ಒಂಬತ್ತು ಬಾಣ. ಹತ್ತು ನಿಮಿಷವೂ ಹಿಡಿಯಲಿಲ್ಲ. ಪ್ರತಿ ಬಾಣ ಹಾಕುವಾಗ ನಾನು ಒಂದೇ ಮಾತು ಕೇಳುತ್ತಿದ್ದೆ: "ಈ ಬಾಣ ಅಂದ್ರ ಏನ್ರಿ ಕಾಕಾ? ಇದು ಅದನ್ನ ಕರೀತದೋ, ಇದರ ಡೇಟಾ ಅಲ್ಲಿಗೆ ಹೋಗ್ತದೋ?" ಇದನ್ನು ಕೇಳಲೇಬೇಕು. ಡೇಟಾ ಹೋಗುವ ದಿಕ್ಕೂ ಕೋಡ್ ಕರೆಯುವ ದಿಕ್ಕೂ ಎಷ್ಟೋ ಸಲ ಉಲ್ಟಾ ಇರುತ್ತವೆ. ಪಟ್ಟಿಯ ಕೋಡ್ ತೂಕದ ಕೋಡನ್ನು ಕರೆಯುತ್ತದೆ, ಆದರೆ ಕಿಲೋ ಲೆಕ್ಕ ತೂಕದಿಂದ ಪಟ್ಟಿಗೆ ಬರುತ್ತದೆ. ಒಂದು ಚಿತ್ರದಲ್ಲಿ ಬಾಣಕ್ಕೆ ಒಂದೇ ಅರ್ಥ ಇರಬೇಕು. ಆ ಅರ್ಥವನ್ನು ಹಾಳೆಯ ಕೆಳಗೆ ಬರೆದಿಡಿ. ನಾವು "ಬಾಣ ಅಂದರೆ ಕರೆಯುವುದು" ಅಂತ ಬರೆದೆವು.

ಈಗ ಯಂತ್ರದ ಚಿತ್ರ

ಅದೇ ಏಳು ಚೌಕಕ್ಕೆ ಕೋಡಿನಿಂದಲೇ ಬಾಣ ತೆಗೆಯುವುದು ಮುಂದಿನ ಕೆಲಸ. ಫೈಲ್ ಮಟ್ಟದಲ್ಲಿ ನೋಡಿದರೆ ನನ್ನ ಮೊದಲ ದಿನದ ಜಡೆಯೇ ಮತ್ತೆ ಬರುತ್ತದೆ. ಹಾಗಾಗಿ ಮೊದಲು ಒಂದು ಸಣ್ಣ ಫೈಲ್ ಮಾಡಿ. ಎರಡು ಕಾಲಂ ಸಾಕು: ಎಡಕ್ಕೆ ಫೋಲ್ಡರ್ ಅಥವಾ ಫೈಲಿನ ಹೆಸರು, ಬಲಕ್ಕೆ ಅದು ಯಾವ ಚೌಕಕ್ಕೆ ಸೇರಿದ್ದು ಅಂತ. ನನಗೆ ಇದಕ್ಕೆ ಒಂದೂವರೆ ದಿನ ಬೇಕಾಯಿತು. ಬೇಜಾರಿನ ಕೆಲಸ ನಿಜ, ಆದರೆ ಕಲಿಯುವುದು ಇಲ್ಲೇ ಜಾಸ್ತಿ. ಯಾವ ಚೌಕಕ್ಕೂ ಹೊಂದದ ಫೈಲುಗಳನ್ನು "ಗೊತ್ತಿಲ್ಲ" ಅಂತ ಎಂಟನೆಯ ಚೌಕಕ್ಕೆ ಹಾಕಿ, ಪಕ್ಕಕ್ಕೆ ಇಟ್ಟುಕೊಳ್ಳಿ.

ಯಾರು ಯಾರನ್ನು ಕರೆಯುತ್ತಾರೆ ಅನ್ನುವ ಪಟ್ಟಿ ತೆಗೆಯಲು ನಿಮ್ಮ ಭಾಷೆಗೆ ತಕ್ಕ ಟೂಲ್ ಇರುತ್ತದೆ. ಜಾವಾ ಆದರೆ ಅದರ ಡೆವಲಪರ್ ಕಿಟ್ ಜೆಡಿಕೆ 8ರಿಂದ ಈಚೆಗೆ ಜೆಡೆಪ್ಸ್ ಅನ್ನುವ ಟೂಲ್ ಜೊತೆಯಲ್ಲೇ ಬರುತ್ತದೆ. ಜಾವಾಸ್ಕ್ರಿಪ್ಟಿಗೆ ಮ್ಯಾಜ್, ಪೈಥಾನಿಗೆ ಪೈಡೆಪ್ಸ್. ನಮ್ಮದು ಹಳೆಯ ಪಿಎಚ್‌ಪಿ. ಇನ್‌ಕ್ಲೂಡ್, ರಿಕ್ವೈರ್ ಅಂತ ಇನ್ನೊಂದು ಫೈಲನ್ನು ಕರೆಯುವ ಸಾಲುಗಳನ್ನು ಗ್ರೆಪ್ ಅನ್ನುವ ಹುಡುಕುವ ಟೂಲಿನಿಂದ ತೆಗೆದೆ. ಆಮೇಲೆ ಫೈಲಿನ ಹೆಸರಿನ ಜಾಗಕ್ಕೆ ಚೌಕದ ಹೆಸರು ಹಾಕಿ, ಒಂದೇ ಥರದವನ್ನು ಕೂಡಿಸಿದರೆ ಆಯಿತು.

ಇಲ್ಲಿ ಒಂದು ಕಡೆ ಬಹಳ ಜನ ಎಡವುತ್ತಾರೆ. ಕೋಡಿನಲ್ಲಿ ಸಂಬಂಧವೇ ಇಲ್ಲದ ಎರಡು ಚೌಕಗಳು ಡೇಟಾಬೇಸಿನ ಒಂದೇ ಟೇಬಲ್ಲಿಗೆ ಬರೆಯುತ್ತಿರಬಹುದು. ಇನ್‌ಕ್ಲೂಡ್ ಸಾಲುಗಳಲ್ಲಿ ಇದು ಕಾಣುವುದೇ ಇಲ್ಲ. ಹಾಗಾಗಿ ಡೇಟಾಬೇಸಿನ ಜೊತೆ ಮಾತಾಡುವ ಎಸ್‌ಕ್ಯೂಎಲ್ ಸಾಲುಗಳನ್ನೂ ಹುಡುಕಿ, ಯಾವ ಚೌಕ ಯಾವ ಟೇಬಲ್ ಓದುತ್ತದೆ, ಯಾವುದಕ್ಕೆ ಬರೆಯುತ್ತದೆ ಅಂತ ಬೇರೆಯಾಗಿ ತೆಗೆಯಿರಿ. ಒಂದು ಚೌಕ ಇನ್ನೊಂದರ ಟೇಬಲ್ಲಿಗೆ ನೇರ ಕೈ ಹಾಕಿದ್ದರೆ ಅದನ್ನೂ ಬಾಣ ಅಂತಲೇ ಹಿಡಿಯಿರಿ. ಹಳೆಯ ಲೆಕ್ಕದ ಸಾಫ್ಟ್‌ವೇರುಗಳಲ್ಲಿ ನಿಜವಾದ ಗಂಟು ಟೇಬಲ್ಲುಗಳಲ್ಲೇ ಇರುತ್ತದೆ.

ಚಿತ್ರ ಬಿಡಿಸಲು ನಾನು ಗ್ರಾಫ್‌ವಿಜ್ ಬಳಸುತ್ತೇನೆ. ಎಟಿ ಆಂಡ್ ಟಿಯ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ್ದು, ದುಡ್ಡು ಕೊಡಬೇಕಿಲ್ಲ. ಚೌಕ ಎಲ್ಲಿಡಬೇಕು ಅಂತ ನಾವು ಹೇಳಬೇಕಿಲ್ಲ, ಬಾಣಗಳನ್ನು ಬರೆದು ಕೊಟ್ಟರೆ ಅದೇ ಜೋಡಿಸುತ್ತದೆ. ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದು:

"ಆವಕ" -> "ಲಾಟ್"
"ಪಟ್ಟಿ" -> "ತೂಕ"
"ಪಟ್ಟಿ" -> "ಖಾತೆ"

ಕೋಟ್ ಮಾರ್ಕ್ ಬಿಡಬೇಡಿ, ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ. ಅಕ್ಷರದ ಬದಲು ಖಾಲಿ ಡಬ್ಬಿ ಕಂಡರೆ ಫಾಂಟ್ ತೊಂದರೆ, ನೋಟೋ ಸಾನ್ಸ್ ಕನ್ನಡ ಹಾಕಿ ಅದರ ಹೆಸರು ಕೊಡಿ. ಚೌಕ ಜೋಡಿಸುವ ಬಗೆಗಳು ಗ್ರಾಫ್‌ವಿಜ್‌ನಲ್ಲೇ ಇವೆ: ಮೇಲಿಂದ ಕೆಳಗೆ ಹರಿಯುವ ಚಿತ್ರಕ್ಕೆ ಡಾಟ್, ಸಾವಿರಗಟ್ಟಲೆ ಚೌಕ ಇದ್ದರೆ ಎಸ್‌ಎಫ್‌ಡಿಪಿ. ಆದರೆ ಚೌಕ 20 ದಾಟಿತು ಅಂದರೆ ನಾನು ಬಾಣ ಬಿಟ್ಟು ಕೋಷ್ಟಕಕ್ಕೆ ಹೋಗುತ್ತೇನೆ. ಅಡ್ಡಕ್ಕೂ ಉದ್ದಕ್ಕೂ ಅದೇ ಹೆಸರುಗಳು, ಕರೆಯುವ ಕಡೆ ಒಂದು ಚುಕ್ಕಿ. ಮೇಲಿನವರು ಕೆಳಗಿನವರನ್ನು ಕರೆಯುವ ಹಾಗೆ ಹೆಸರುಗಳನ್ನು ಜೋಡಿಸಿದರೆ ಚುಕ್ಕಿಗಳೆಲ್ಲ ಕರ್ಣದ ಒಂದೇ ಬದಿಗೆ ಬೀಳಬೇಕು. ಹೇಗೆ ಜೋಡಿಸಿದರೂ ಆಚೆ ಬದಿಗೆ ಚುಕ್ಕಿ ಉಳಿದರೆ ಎಲ್ಲೋ ಸುತ್ತು ಹಾಕಿಕೊಂಡಿದೆ ಅಂತ ಅರ್ಥ.

ಎರಡನ್ನೂ ಪಕ್ಕಪಕ್ಕ ಇಡಿ

ಮುಖ್ಯ ಕೆಲಸ ಇದು. ಕಾಕಾ ಬರೆದದ್ದು ಒಂಬತ್ತು ಬಾಣ. ಕೋಡಿನಿಂದ ಬಂದದ್ದು 14. ಎರಡರಲ್ಲೂ ಇದ್ದದ್ದು ಎಂಟು. ಒಂದು ಬಾಣ ಕಾಕಾರ ಹಾಳೆಯಲ್ಲಿತ್ತು, ಕೋಡಿನಲ್ಲಿರಲಿಲ್ಲ. ಆರು ಬಾಣ ಕೋಡಿನಲ್ಲಿದ್ದವು, ಅವರ ಹಾಳೆಯಲ್ಲಿರಲಿಲ್ಲ.

ಒಂದೇ ಚಿತ್ರ ನೋಡಿದರೆ ಇಷ್ಟು ತಿಳಿಯುವುದಿಲ್ಲ. ಕಾಕಾರ ಹಾಳೆ ಸಿಸ್ಟಮ್ ಹೇಗಿರಬೇಕಿತ್ತು ಅಂತ ಹೇಳುತ್ತೆ, ಯಂತ್ರದ್ದು ಹೇಗಿದೆ ಅಂತ ಹೇಳುತ್ತೆ. ತೊಂದರೆ ಹೊಕ್ಕಿರುವುದು ನಡುವಿನ ವ್ಯತ್ಯಾಸದಲ್ಲಿ. ಈ ಪದ್ಧತಿ ನನ್ನದಲ್ಲ. 1995ರಲ್ಲಿ ಗೇಲ್ ಮರ್ಫಿ, ಡೇವಿಡ್ ನಾಟ್ಕಿನ್, ಕೆವಿನ್ ಸಲಿವನ್ ಅನ್ನುವ ಮೂವರು ಸಂಶೋಧಕರು ಇದನ್ನು ರಿಫ್ಲೆಕ್ಷನ್ ಮಾಡೆಲ್ ಅಂತ ಬರೆದಿಟ್ಟರು. ಮೈಕ್ರೋಸಾಫ್ಟ್‌ನ ಒಬ್ಬ ಇಂಜಿನಿಯರ್ ಹತ್ತು ಲಕ್ಷ ಸಾಲಿಗೂ ಜಾಸ್ತಿ ಇದ್ದ ಎಕ್ಸೆಲ್ ಕೋಡನ್ನು ತಿಳಿಯಲು ಇದೇ ದಾರಿ ಹಿಡಿದರು. ಅಷ್ಟು ದೊಡ್ಡದಕ್ಕೆ ಆದದ್ದು ನಮ್ಮ ವಿದ್ಯಾನಗರದ ಕೋಡಿಗೂ ಆಗುತ್ತದೆ.

ನಾನು ಮೂರು ಬಣ್ಣದ ಬದಲು ಮೂರು ಥರದ ಗೆರೆ ಬಳಸಿದೆ. ಎರಡರಲ್ಲೂ ಇದ್ದದ್ದು ತೆಳು ಗೆರೆ, ಕೋಡಿನಲ್ಲಿ ಮಾತ್ರ ಇದ್ದದ್ದು ದಪ್ಪ ಗೆರೆ, ನೆನಪಿನಲ್ಲಿ ಮಾತ್ರ ಇದ್ದದ್ದು ತುಂಡು ಗೆರೆ. ಝೆರಾಕ್ಸ್ ತೆಗೆಸಿದರೆ ಬಣ್ಣ ಹೋಗುತ್ತೆ, ಅಲ್ವಾ? ಕೆಂಪು-ಹಸಿರಿನ ಭೇದ ಕಾಣದವರೂ ನಮ್ಮ ನಡುವೆ ಇರುತ್ತಾರೆ.

ಆರು ದಪ್ಪ ಗೆರೆಗಳಲ್ಲಿ ಒಂದು ತೂಕದಿಂದ ಖಾತೆಗೆ ಹೋಗಿತ್ತು. ತೂಕಕ್ಕೂ ಖಾತೆಗೂ ಏನು ಸಂಬಂಧ? ತಕ್ಕಡಿಗೆ ಉದ್ರಿ ಲೆಕ್ಕ ಯಾಕೆ ಬೇಕು? ಕಾಕಾ ಆ ಗೆರೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ನೆ ಕೂತರು. ಆಮೇಲೆ ಅಂದರು: "ಹೌದ ನೋಡು. ಜಿಎಸ್‌ಟಿ ಬಂದಾಗ ಎರಡ ದಿನದಾಗ ಮುಗಸಬೇಕಾಗಿತ್ತು. ಚೀಲದ ಲೆಕ್ಕ ತೂಕದಾಗ ಸಿಗತಿತ್ತು, ಅಲ್ಲಿಂದನ ಖಾತೆಕ್ಕ ಬರದೆ. ಆಮ್ಯಾಲೆ ತೆಗೀಬೇಕಂತ ಇತ್ತು." 2017ರ ಜುಲೈನ ಆ ಅವಸರ ಅಲ್ಲೇ ಉಳಿದುಕೊಂಡಿತ್ತು. ಯಾವ ಕಾಮೆಂಟಿನಲ್ಲೂ ಇದು ಬರೆದಿರಲಿಲ್ಲ. ಗೆರೆ ಕಣ್ಣಿಗೆ ಬೀಳದಿದ್ದರೆ ಅವರಿಗೆ ನೆನಪಾಗುತ್ತಲೂ ಇರಲಿಲ್ಲ.

ಹೀಗೆ ಕೂತು ನೋಡುವಾಗ ಯಾರನ್ನೂ ಆರೋಪಿ ಮಾಡಬೇಡಿ. "ಯಾಕೆ ಹೀಗೆ ಮಾಡಿದಿರಿ" ಅಂತ ಕೇಳಿದರೆ ಪೆನ್ನು ಕೆಳಗಿಡುತ್ತಾರೆ. "ಆಗ ಏನು ನಡೆದಿತ್ತು" ಅಂತ ಕೇಳಿ.

ಒಂದು ಲಾಟನ್ನು ಹಿಂಬಾಲಿಸುವುದು

ಸಂಬಂಧದ ಚಿತ್ರ ಆಯಿತು. ಆದರೆ ನಮ್ಮ ಪ್ರಶ್ನೆ ಇದ್ದದ್ದು ಸಮಯದ್ದು. ಅದಕ್ಕೆ ಟ್ರೇಸ್ ಬೇಕು.

ಮಾರ್ಕೆಟ್ ನೋಡಿದವರಿಗೆ ಟ್ರೇಸ್ ಹೊಸದಲ್ಲ. ರೈತ ಮಾಲು ಇಳಿಸಿದ ಕೂಡಲೇ ರಾಶಿಗೆ ಒಂದು ಲಾಟ್ ನಂಬರ್ ಬೀಳುತ್ತದೆ. ಟೆಂಡರಿಗೆ ಹೋದರೂ ಅದೇ ನಂಬರ್, ತೂಕಕ್ಕೆ ಹೋದರೂ ಅದೇ, ಪಟ್ಟಿಯಲ್ಲೂ ಅದೇ. ಸಾಫ್ಟ್‌ವೇರಿನಲ್ಲೂ ಹಾಗೆಯೇ ಬಟನ್ ಒತ್ತಿದ ಕ್ಷಣದಲ್ಲಿ ಒಂದು ನಂಬರ್ ಹುಟ್ಟಿಸಿ, ಆ ಕೆಲಸ ಹೋದ ಕಡೆಗೆಲ್ಲ ಅದನ್ನು ಜೊತೆಗೆ ಕಳಿಸಬೇಕು. ಪ್ರತಿ ಚೌಕ ತಾನು ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತನ್ನು ಆ ನಂಬರಿನ ಜೊತೆ ಬರೆದಿಡಬೇಕು. ಗೂಗಲ್ 2010ರಲ್ಲಿ ತನ್ನ ಡ್ಯಾಪರ್ ಅನ್ನುವ ಟ್ರೇಸ್ ವ್ಯವಸ್ಥೆಯ ಬಗ್ಗೆ ಬರೆದ ಮೇಲೆ ಈ ಪದ್ಧತಿ ಎಲ್ಲ ಕಡೆ ಹರಡಿತು. ಈಗ ಹೀಗೆ ಬರೆದಿಡಲು ಓಪನ್‌ಟೆಲಿಮೆಟ್ರಿ ಇದೆ, ತೋರಿಸಲು ಜೇಗರ್ ಇದೆ, ಎರಡೂ ಉಚಿತ. ಅಷ್ಟು ಬೇಡ ಅಂದರೆ ಲಾಗ್ ಫೈಲಿನಲ್ಲಿ ನಂಬರ್ ಮತ್ತು ಹೊತ್ತು ಬರೆಸಿ, ಸ್ಪ್ರೆಡ್‌ಶೀಟಿನಲ್ಲಿ ಪಟ್ಟೆ ಎಳೆದರೂ ಆಗುತ್ತದೆ. ನಾನು ಮೊದಲ ಸಲ ಮಾಡಿದ್ದು ಹಾಗೆಯೇ.

ಚಿತ್ರ ಹೀಗಿರುತ್ತದೆ: ಎಡದಿಂದ ಬಲಕ್ಕೆ ಸಮಯ. ಒಂದೊಂದು ಕೆಲಸಕ್ಕೂ ಒಂದು ಅಡ್ಡ ಪಟ್ಟೆ, ಕರೆದವರ ಕೆಳಗೆ ಕರೆಸಿಕೊಂಡವರು. ಇದನ್ನು ಓದುವಾಗ ನಾನು ಮೂರು ಆಕಾರ ಹುಡುಕುತ್ತೇನೆ. ಒಂದೇ ಉದ್ದ ಪಟ್ಟೆ ಇದ್ದರೆ ಯಾವುದೋ ಒಂದು ಕೆಲಸವೇ ನಿಧಾನ. ಪಟ್ಟೆಯೇ ಇಲ್ಲದ ಖಾಲಿ ಜಾಗ ಇದ್ದರೆ ನಾವು ಅಳೆಯದ ಯಾವುದೋ ಕಡೆ ಹೊತ್ತು ಹೋಗುತ್ತಿದೆ, ಅಲ್ಲೂ ಅಳತೆ ಹಾಕಬೇಕು. ಒಂದೇ ಉದ್ದದ ಪಟ್ಟೆಗಳು ಮೆಟ್ಟಿಲ ಹಾಗೆ ಒಂದಾದ ಮೇಲೊಂದು ಇಳಿಯುತ್ತಿದ್ದರೆ ಒಂದೇ ಕೆಲಸ ಸುತ್ತಿ ಸುತ್ತಿ ನಡೆಯುತ್ತಿದೆ.

ನಮ್ಮಲ್ಲಿ ಕಂಡದ್ದು ಮೆಟ್ಟಿಲು. ಆ ಪಟ್ಟಿಯಲ್ಲಿ 12 ಲಾಟ್ ಇದ್ದವು. ಒಬ್ಬನೇ ರೈತನ ಮೆಣಸಿನಕಾಯಿ, ಬಣ್ಣ ಮತ್ತು ತರದ ಮೇಲೆ ಬೇರೆ ಬೇರೆ ಮಾಡಿದ್ದು. ನಮ್ಮ ಕೋಡ್ ಪ್ರತಿ ಲಾಟಿಗೂ ಖಾತೆಯನ್ನು ಕರೆದು, ಆ ರೈತನ ಮುಂಗಡ ಎಷ್ಟು ಬಾಕಿ ಅಂತ ಏಪ್ರಿಲ್ 1ರಿಂದ ಕೂಡಿಸಿ ತರುತ್ತಿತ್ತು. ಸಲಕ್ಕೆ ಮೂರು ಸೆಕೆಂಡ್. 12 ಸಲ, 36 ಸೆಕೆಂಡ್. ಉಳಿದ ಎಲ್ಲ ಕೆಲಸಕ್ಕೆ ಎರಡು ಸೆಕೆಂಡ್. ಏಪ್ರಿಲ್‌ನಲ್ಲಿ ಈ ತೊಂದರೆ ಯಾಕೆ ಇರಲಿಲ್ಲ, ಫೆಬ್ರವರಿಗೆ ಯಾಕೆ ಬಂತು ಅನ್ನುವುದೂ ತಿಳಿಯಿತು. ತಿಂಗಳು ಕಳೆದ ಹಾಗೆ ಕೂಡಿಸುವ ಸಾಲು ಬೆಳೆಯುತ್ತಿತ್ತು. ಬಾಕಿಯನ್ನು ಒಂದೇ ಸಲ ತಂದು ಹನ್ನೆರಡಕ್ಕೂ ಬಳಸುವ ಹಾಗೆ ಮಾಡಿದೆವು. ಬದಲಿಸಿದ್ದು ಒಂಬತ್ತು ಸಾಲು. 38 ಸೆಕೆಂಡಿನದು ಐದಕ್ಕೆ ಇಳಿಯಿತು. ಮರುದಿನ ಅದೇ ಅಂಗಡಿಯಿಂದ ಫೋನ್ ಬಂದಾಗ ಹಿಂದೆ ಗದ್ದಲ ಇರಲಿಲ್ಲ. ನನಗೆ ಅಷ್ಟೇ ಬೇಕಿತ್ತು.

ಉಳಿದ ಐದು ಸೆಕೆಂಡಿನಲ್ಲಿ ಖಾತೆ ತಿನ್ನುವ ಆ ಮೂರನ್ನು ಬಿಡಿಸಲು ಫ್ಲೇಮ್ ಗ್ರಾಫ್ ತೆಗೆದೆ. ಬ್ರೆಂಡನ್ ಗ್ರೆಗ್ 2011ರಲ್ಲಿ ಮಾಡಿದ ಚಿತ್ರ ಇದು. ಪ್ರೋಗ್ರಾಮ್ ಆ ಕ್ಷಣ ಯಾವ ಫಂಕ್ಷನ್ನಿನಲ್ಲಿದೆ ಅಂತ ಸೆಕೆಂಡಿಗೆ ಎಷ್ಟೋ ಸಲ ಇಣುಕಿ ನೋಡಿ ಒಟ್ಟು ಮಾಡಿದ್ದು. ಎರಡು ಮಾತು ನೆನಪಿಡಿ. ಅಗಲ ಇದ್ದದ್ದು ಹೆಚ್ಚು ಹೊತ್ತು ತಿನ್ನುತ್ತಿದೆ. ಎಡ-ಬಲ ಅನ್ನುವುದು ಸಮಯ ಅಲ್ಲ, ಹೆಸರಿನ ಅಕ್ಷರ ಕ್ರಮ ಮಾತ್ರ. ಬಣ್ಣಕ್ಕೂ ಸಾಮಾನ್ಯವಾಗಿ ಅರ್ಥ ಇರುವುದಿಲ್ಲ. ಹೊಸಬರು ಕೆಂಪಗಿದ್ದದ್ದೇ ತೊಂದರೆ ಅಂದುಕೊಂಡು ಅದನ್ನೇ ಅಗೆಯುತ್ತಾರೆ. ಅಗಲ ನೋಡಿ.

ಗಿಟ್ ಹೇಳುವ ಕಥೆ

ಕೋಡಿನಲ್ಲೂ ಟೇಬಲ್ಲಿನಲ್ಲೂ ಕಾಣದ ಸಂಬಂಧ ಇನ್ನೊಂದಿದೆ. ಯಾವಾಗಲೂ ಒಟ್ಟಿಗೆ ಬದಲಾಗುವ ಫೈಲುಗಳು. ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಟೂಲ್ ಗಿಟ್. ಒಮ್ಮೆಗೆ ಉಳಿಸಿದ ಬದಲಾವಣೆಗೆ ಅಲ್ಲಿ ಕಮಿಟ್ ಅನ್ನುತ್ತಾರೆ. ಗಿಟ್ ಲಾಗಿನಿಂದ ಒಂದು ವರ್ಷದ ಕಮಿಟ್‌ಗಳನ್ನು ಫೈಲಿನ ಹೆಸರಿನ ಸಮೇತ ತೆಗೆಯಿರಿ. ಒಂದು ಕಮಿಟ್‌ನಲ್ಲಿ ಇರುವ ಫೈಲುಗಳನ್ನು ಜೋಡಿ ಮಾಡಿ ಎಣಿಸಿ. ಐದಕ್ಕಿಂತ ಜಾಸ್ತಿ ಸಲ ಬಂದ ಜೋಡಿಗೆ ಮಾತ್ರ ಗೆರೆ ಎಳೆಯಿರಿ, ಎಣಿಕೆ ಹೆಚ್ಚಿದ್ದಷ್ಟೂ ಗೆರೆ ದಪ್ಪ. 30ಕ್ಕಿಂತ ಹೆಚ್ಚು ಫೈಲ್ ಮುಟ್ಟಿದ ಕಮಿಟ್‌ಗಳನ್ನು ಬಿಡಿ. ಅವು ಹೆಚ್ಚಾಗಿ ಬರೀ ಫಾರ್ಮ್ಯಾಟ್ ಸರಿ ಮಾಡಿದವು ಆಗಿರುತ್ತವೆ.

ನಮ್ಮಲ್ಲಿ ತೂಕದ ಸ್ಕ್ರೀನ್ 14 ಸಲ ಬದಲಾಗಿತ್ತು. ಅದರಲ್ಲಿ 11 ಸಲ ಮೆಸೇಜಿನ ಒಂದು ಫೈಲೂ ಬದಲಾಗಿತ್ತು. ನಡುವೆ ಒಂದೇ ಒಂದು ಬಾಣ ಇಲ್ಲ. ಬಿಚ್ಚಿ ನೋಡಿದರೆ, ತೂಕದ ಕೋಡ್ ಉಳಿಸಿದ ಸಾಲಿನಲ್ಲಿ ಐದನೆಯ ಜಾಗದಲ್ಲಿರುವುದೇ ಕಿಲೋ ಅಂತ ಮೆಸೇಜ್ ನಂಬಿಕೊಂಡಿತ್ತು. ತೂಕದವರು ನಡುವೆ ಒಂದು ಕಾಲಂ ಸೇರಿಸಿದರೆ ರೈತನ ಫೋನಿಗೆ ತಪ್ಪು ತೂಕ ಹೋಗುತ್ತದೆ. ಹೊಸದಾಗಿ ಸೇರಿದ ಹುಡುಗಿಗೆ ನಾನು ಮೊದಲ ವಾರ ತೋರಿಸಿದ್ದು ಈ ಚಿತ್ರವನ್ನೇ. "ಅಕ್ಕಾ, ಇದು ಗೊತ್ತಿಲ್ಲದಿದ್ರ ನಾನೂ ಹಂಗ ಮಾಡ್ತಿದ್ದೆ" ಅಂದಳು.

ಬೇರೆ ಬಗೆಗಳೂ ಇವೆ. 2007ರಲ್ಲಿ ರಿಚರ್ಡ್ ವೆಟ್ಟೆಲ್ ಮತ್ತು ಮಿಕೇಲೆ ಲಾಂಜಾ ಕೋಡನ್ನು ಊರಿನ ಹಾಗೆ ತೋರಿಸುವ ಕೋಡ್‌ಸಿಟಿ ಮಾಡಿದರು. ಒಂದೊಂದು ಕ್ಲಾಸ್ ಒಂದೊಂದು ಕಟ್ಟಡ, ಮೆಥಡ್ ಹೆಚ್ಚಿದ್ದಷ್ಟೂ ಎತ್ತರ. ನೋಡಲು ಚೆಂದ. ನನ್ನ ಪ್ರಶ್ನೆಗಳಿಗೆ ಅದರಿಂದ ಉತ್ತರ ಸಿಗಲಿಲ್ಲ. ಸಾಫ್ಟ್‌ವೇರನ್ನು ದೂರದಿಂದ ಹತ್ತಿರಕ್ಕೆ ಹಂತ ಹಂತವಾಗಿ ಬರೆಯುವ ಸೈಮನ್ ಬ್ರೌನ್ ಅವರ ಸಿ4 ಪದ್ಧತಿಯಲ್ಲಿ ನಾಲ್ಕು ಮಟ್ಟ ಇವೆ, ನಮ್ಮಂಥ ತಂಡಕ್ಕೆ ಮೇಲಿನ ಎರಡು ಸಾಕು.

ಯಂತ್ರಕ್ಕೆ ಕಾಣದ ಬಾಣ

ಇಷ್ಟೆಲ್ಲ ಆದ ಮೇಲೆ ಒಂದು ಗುರುವಾರ ರೈಲು ಹತ್ತಿ ಬ್ಯಾಡಗಿಗೆ ಹೋದೆ. ಹಾವೇರಿ ದಾಟಿದ ಮೇಲಿನ ಸ್ಟೇಷನ್. ಚಿತ್ರದ ಪ್ರಿಂಟ್ ಮಡಿಚಿ ಬ್ಯಾಗಿನಲ್ಲಿತ್ತು. ಬೆಳಗ್ಗೆಯಿಂದ ಒಂದೇ ಲಾಟನ್ನು ಕಣ್ಣಲ್ಲಿ ಇಟ್ಟುಕೊಂಡೆ. ರಾಶಿ ಸುರಿದರು, ನಂಬರ್ ಬಿತ್ತು, ವ್ಯಾಪಾರಿಗಳು ಬಂದು ಕಾಯಿ ಮುರಿದು ನೋಡಿ ಹೋದರು. ಮಧ್ಯಾಹ್ನ ದರ ಪ್ರಕಟವಾಯಿತು. ನಮ್ಮ ಚಿತ್ರದ ಪ್ರಕಾರ ಆ ಕೂಡಲೇ ದರ ನಮ್ಮ ಸಾಫ್ಟ್‌ವೇರಿಗೆ ಬರಬೇಕು. ಬರಲಿಲ್ಲ. ಮೂರು ತಾಸು ಆದರೂ ಬರಲಿಲ್ಲ.

ಅಂಗಡಿಯ ಗುಮಾಸ್ತರ ಮುಂದೆ ಪ್ರಿಂಟ್ ಹಾಸಿ, ಟೆಂಡರ್ ಬಾಣ ತೋರಿಸಿ ಕೇಳಿದೆ. ಅವರು ನಕ್ಕು ಅಂಗಿಯ ಜೇಬಿನಿಂದ ಮಡಿಚಿದ ಚೀಟಿಗಳ ಕಟ್ಟು ತೆಗೆದರು. "ರೇಟ್ ಬಂದ ಕೂಡ್ಲೆ ನಾ ಕಂಪ್ಯೂಟರ್ ಮುಂದ ಎಲ್ಲಿರ್ತೇನವಾ? ತೂಕದ ಕಡೆ ಇರ್ತೇನಿ. ಚೀಟಿ ಮ್ಯಾಲೆ ಬರ್ಕೊಂಡು, ಸಂಜಿಗೆ ಕುಂತು ಎಲ್ಲಾ ಒಮ್ಮೆಲೆ ಹಾಕ್ತೇನಿ."

ಸಂಜೆ ಆರರ ಮೇಲೆ ನಮ್ಮ ಸರ್ವರ್ ಮೇಲೆ ಒಮ್ಮೆಲೇ ಭಾರ ಯಾಕೆ ಬೀಳುತ್ತದೆ ಅಂತ ಗ್ರಾಫ್ ನೋಡಿ ನೋಡಿ ತಲೆ ಕೆಡಿಸಿಕೊಂಡಿದ್ದೆವು. ಉತ್ತರ ಅವರ ಜೇಬಿನಲ್ಲಿತ್ತು.

ಹಾಗಾಗಿ ಚಿತ್ರ ಮುಗಿದ ಮೇಲೆ ಅದನ್ನು ಬಳಸುವವರ ಹತ್ತಿರ ಒಯ್ದು, ಬಾಣ ಒಂದೊಂದರ ಮೇಲೂ ಬೆರಳಿಟ್ಟು ಕೇಳಿ. ಅವರಿಗೆ ಕೋಡ್ ಗೊತ್ತಿರಬೇಕಿಲ್ಲ. ಚೌಕದ ಹೆಸರುಗಳು ಅವರ ಮಾತಿನಲ್ಲೇ ಇರಬೇಕು, ಅಷ್ಟೇ. ನಾನು ಕ್ಲಾಸಿನ ಹೆಸರುಗಳನ್ನು ಬಿಟ್ಟು ಆವಕ, ತೂಕ, ಪಟ್ಟಿ ಅಂತ ಬರೆದದ್ದು ಅದಕ್ಕೇ.

ನಮ್ಮ ಚಿತ್ರ ಈಗ ಪ್ರತಿ ಶನಿವಾರ ಕೋಡಿನಿಂದ ತಾನೇ ಹೊಸದಾಗಿ ಹುಟ್ಟುತ್ತದೆ, ಮೂಲೆಯಲ್ಲಿ ತಾರೀಖು ಸಮೇತ. ಕೈಯಿಂದ ಹಾಕಿದ ಗೆರೆಗಳನ್ನು ಸ್ಕ್ರಿಪ್ಟ್ ಅಳಿಸಬಾರದು ಅಂತ ಬೇರೆ ಫೈಲಿನಲ್ಲಿ ಇಟ್ಟಿದ್ದೇನೆ, ಎರಡನ್ನೂ ಕೂಡಿಸಿ ಗ್ರಾಫ್‌ವಿಜ್‌ಗೆ ಕೊಡುತ್ತೇನೆ. ಆ ಫೈಲಿನಲ್ಲಿ ಸದ್ಯ ನಾಲ್ಕು ಸಾಲಿವೆ. ಮೊದಲನೆಯದು ಟೆಂಡರಿನಿಂದ ಪಟ್ಟಿಗೆ ಹೋಗುವ ಚುಕ್ಕಿ ಗೆರೆ. ಅದರ ಮೇಲೆ "ಚೀಟಿ, ಸಂಜೆ 6ರ ನಂತರ" ಅಂತ ಬರೆದಿದೆ.